ಕಾಲ್ಚೆಂಡಿನ ಅಂಗಳದಲ್ಲಿ ಪ್ರತಿಭೆಯೂ ಅಭಿಯೋಗವೂ

ಕುಮಾರ ಪಾರ್ಕಿನ ಸುಶಿಕ್ಷಿತ ಮನೆಗಳಲ್ಲಿ ಆಟದ ಮಾತು ಬಂದರೆ ಅದು ಸಾಮಾನ್ಯವಾಗಿ ಕ್ರಿಕೆಟ್ಟಿನ ಮಾತು. ಬಡಾವಣೆಯ ಮಗ್ಗುಲಿಗೇ ಗಾಲ್ಫ್ ಮೈದಾನವಿದೆ. ಆದರೆ ಅದು ಬೇಲಿಯ ಹೊರಗಿನಿಂದ ನೋಡುವ ಹಸುರು. ಕಾಲ್ಚೆಂಡಾಟವೋ, ಅಲ್ಲಿಂದ ಮೂರು ನಾಲ್ಕು ಮೈಲಿ ಪೂರ್ವಕ್ಕೆ ಅಶೋಕನಗರದ ಕ್ರೀಡಾಂಗಣದಲ್ಲಿಯೂ ಹಲಸೂರು, ಗೌತಮಪುರ, ಆಸ್ಟಿನ್ ಟೌನುಗಳ ಗಲ್ಲಿಗಳಲ್ಲಿಯೂ ನಡೆಯತಕ್ಕ ಬೇರೊಂದು ಲೋಕದ ವ್ಯವಹಾರ. ನಗರವೂ ದಂಡುಪ್ರದೇಶವೂ 1949ರಲ್ಲಿ ಒಂದೇ ಕಾರ್ಪೊರೇಷನ್ನಿನ ಆಡಳಿತಕ್ಕೆ ಬಂದುವು. ಆದರೆ ಅಭಿರುಚಿಗಳ ವಿಲೀನವು ಕಾಗದದ ಮೇಲಿನ ವಿಲೀನದಷ್ಟು ಬೇಗ ಆಗುವಂಥದಲ್ಲ.

ಹೀಗಿರುವಲ್ಲಿ, ಇಂಥ ಮನೆಯ ಹಿರಿಯರೊಬ್ಬರು ಎಂದಾದರೊಮ್ಮೆ ಜಿಲ್ಲಾ ಲೀಗಿನ ಕೆಳಗಿನ ಪಂಕ್ತಿಯ ಪಂದ್ಯವೊಂದನ್ನು ನೋಡಿಬಂದರೆ ಅವರಾಡುವ ಮಾತು ಬಹುಮಟ್ಟಿಗೆ ಗೊತ್ತಾದದ್ದೇ: “ಪಾಪ, ಹುಡುಗರು ಬಹಳ ಕಷ್ಟಪಟ್ಟು ಆಡಿದರು, ಪ್ರತಿಭೆ ಮಾತ್ರ ಸಾಲದು.” ಸದ್ಭಾವದಿಂದಲೇ ಹೊರಟ ಮಾತು ಇದು. ಆದರೆ ವಿಮರ್ಶೆಯ ದೃಷ್ಟಿಯಿಂದ ಇದರಲ್ಲಿ ಪರೀಕ್ಷಿಸಬೇಕಾದ ಶಬ್ದಗಳು ಮೂರಿವೆ. ‘ಕಷ್ಟ’ ಒಂದು, ‘ಪ್ರತಿಭೆ’ ಇನ್ನೊಂದು. ಇವೆರಡಕ್ಕಿಂತಲೂ ಮುಖ್ಯವಾದುದು ಮೊದಲಿನ ‘ಪಾಪ’. ಮೇಲಿನ ಪಂಕ್ತಿಯ ಆಟಗಾರನು ಬೆವರು ಸುರಿಸಿದರೆ ಅವನಿಗೆ ಯಾರೂ ‘ಪಾಪ’ ಎನ್ನುವುದಿಲ್ಲ. ಶ್ರಮವು ಒಬ್ಬನಲ್ಲಿ ಭೂಷಣವಾಗಿಯೂ ಇನ್ನೊಬ್ಬನಲ್ಲಿ ಕನಿಕರಕ್ಕೆ ಕಾರಣವಾಗಿಯೂ ತೋರುವುದಾದರೆ, ಆ ತೀರ್ಪು ಆಟವನ್ನು ಕುರಿತದ್ದೋ ಆಟಗಾರನ ಅಂತಸ್ತನ್ನು ಕುರಿತದ್ದೋ ಎಂದು ಕೇಳಬೇಕಾಗುತ್ತದೆ.

ಪ್ರತಿಭೆ ದೊಡ್ಡದೋ ಅಭ್ಯಾಸ ದೊಡ್ಡದೋ ಎಂಬ ಪ್ರಶ್ನೆ ಈ ನಾಡಿಗೆ ಹೊಸದಲ್ಲ. ಅಲಂಕಾರಶಾಸ್ತ್ರದ ಬಾಗಿಲಲ್ಲಿಯೇ ಅದು ನಿಂತಿದೆ. ದಂಡಿಯು ‘ಕಾವ್ಯಾದರ್ಶ’ದ ಮೊದಲ ಪರಿಚ್ಛೇದದ ಕೊನೆಯಲ್ಲಿ ನೈಸರ್ಗಿಕವಾದ ಪ್ರತಿಭೆ, ನಿರ್ಮಲವಾದ ವಿದ್ಯೆ, ಕುಂದದ ಅಭಿಯೋಗ ಎಂಬ ಮೂರನ್ನು ಕಾವ್ಯಕ್ಕೆ ಕಾರಣವೆಂದು ಎಣಿಸಿ, ಹುಟ್ಟಿನಿಂದ ಪ್ರತಿಭೆಯಿಲ್ಲದವನಿಗೂ ವಿದ್ಯೆಯಿಂದಲೂ ಯತ್ನದಿಂದಲೂ ಉಪಾಸಿತಳಾದ ವಾಗ್ದೇವಿ ಸ್ವಲ್ಪವಾದರೂ ಅನುಗ್ರಹ ಮಾಡಿಯೇ ಮಾಡುತ್ತಾಳೆಂದು ಭರವಸೆ ಕೊಡುತ್ತಾನೆ. ವಾಮನನು ಪ್ರತಿಭೆಯನ್ನು ಕವಿತ್ವದ ಬೀಜವೆಂದನು. ಮಮ್ಮಟನು ಶಕ್ತಿ, ನಿಪುಣತೆ, ಅಭ್ಯಾಸಗಳನ್ನು ಹೇಳಿ, ಮೂರಕ್ಕೂ ಸೇರಿಸಿ ಏಕವಚನದಲ್ಲಿ ‘ಹೇತು’ ಎಂದನು; ಮೂರು ಬಿಡಿ ಕಾರಣಗಳಲ್ಲ, ಮೂರೂ ಕೂಡಿ ಒಂದೇ ಕಾರಣವೆಂಬುದು ಅವನ ಇಂಗಿತ. ದಂಡಿಯ ‘ಅಭಿಯೋಗ’ವೆಂಬ ಶಬ್ದಕ್ಕೆ ಬಿಡದ ಉದ್ಯಮವೆಂದು ಅರ್ಥ. ಇಂದಿನ ನ್ಯಾಯಸ್ಥಾನಗಳಲ್ಲಿ ಅದಕ್ಕೆ ಆಪಾದನೆಯೆಂಬ ಅರ್ಥವೂ ಬಂದಿದೆ. ಕೆಳಗಿನ ಪಂಕ್ತಿಯ ಆಟಗಾರನ ಪಾಲಿಗೆ ಎರಡು ಅರ್ಥಗಳೂ ಒಂದಾದಂತೆ ಕಾಣುತ್ತದೆ: ಅವನ ಉದ್ಯಮವೇ ಅವನ ಮೇಲಿನ ಆಪಾದನೆ.

ಕನ್ನಡದ ಮೊದಲ ಲಕ್ಷಣಗ್ರಂಥವಾದ ‘ಕವಿರಾಜಮಾರ್ಗ’ದಲ್ಲಿಯೂ ಈ ಪ್ರಶ್ನೆಯ ಒಂದು ಸ್ವಾರಸ್ಯವುಂಟು. ಕ್ರಮವಾದ ವ್ಯಾಸಂಗವಿಲ್ಲದೆಯೂ ಈ ನಾಡಿನವರು ಕಾವ್ಯದಲ್ಲಿ ನುರಿತವರೆಂದು ಆ ಗ್ರಂಥ ಹೊಗಳುತ್ತದೆ. ಹಾಗೆ ಹೊಗಳಿದ ಗ್ರಂಥವೇ ದೋಷವಿದು, ಗುಣವಿದು, ಹೀಗೆ ಬರೆಯಿರಿ ಎಂದು ಪರಿಚ್ಛೇದ ಪರಿಚ್ಛೇದವಾಗಿ ಪಾಠ ಹೇಳುತ್ತದೆ. ಸಹಜ ಶಕ್ತಿಯೇ ಸಾಕಾಗಿದ್ದರೆ ಪಾಠವೇಕೆ? ಇದು ವಿರೋಧವಲ್ಲ. ಜನರಲ್ಲಿ ಶಕ್ತಿಯಿದೆಯೆಂಬ ನಂಬಿಕೆಯಿದ್ದವನೇ ಪಾಠ ಹೇಳುವ ಶ್ರಮವನ್ನು ವಹಿಸುತ್ತಾನೆ. ಪ್ರತಿಭೆಯಿಲ್ಲವೆಂದು ಮೊದಲೇ ನಿಶ್ಚಯಿಸಿದವನು ಕನಿಕರಪಟ್ಟು ಮನೆಗೆ ಹೋಗುತ್ತಾನೆ.

ಇನ್ನು ಕಾಲ್ಚೆಂಡಿನ ಕಡೆಗೆ ತಿರುಗಬಹುದು. ಬೆಂಗಳೂರಿನಲ್ಲಿ ಸಹಜ ಪ್ರತಿಭೆಗೆ ಉದಾಹರಣೆ ಬೇಕಾದರೆ ಮೊದಲು ಬಾಯಿಗೆ ಬರುವ ಹೆಸರು ಅಹಮದ್ ಖಾನರದು. 1926ರಲ್ಲಿ ಹುಟ್ಟಿ, 1948 ಮತ್ತು 1952ರ ಒಲಿಂಪಿಕ್ ಕೂಟಗಳಲ್ಲಿ ಆಡಿ, ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡದ ‘ಪಂಚಪಾಂಡವ’ರೆಂದು ಹೆಸರಾದ ಐವರು ಮುಂಚೂಣಿಯವರಲ್ಲಿ ಒಬ್ಬರಾಗಿ, 2017ರಲ್ಲಿ ತೀರಿಕೊಂಡ ಈ ಆಟಗಾರರನ್ನು ಜನರು ಹಾವಾಡಿಗನೆಂದು ಕರೆದರು, ಚೆಂಡು ಅವರ ಬರಿಗಾಲಿಗೆ ನಾದಕ್ಕೆ ಸೋತ ಹಾವಿನಂತೆ ಒಲಿಯುತ್ತಿತ್ತಂತೆ. ಹುಟ್ಟಿನಿಂದ ಬಂದ ವರವೆಂದು ಇದನ್ನು ಹೇಳಿ ಮುಗಿಸುವುದು ಸುಲಭ. ಆದರೆ ಅವರು ಹುಟ್ಟಿದ್ದು ಕಾಲ್ಚೆಂಡಾಡುವವರ ಮನೆಯಲ್ಲಿ. ಬೆಳೆದದ್ದು, 1937 ಮತ್ತು 1938ರಲ್ಲಿ ಬೊಂಬಾಯಿಯ ರೋವರ್ಸ್ ಕಪ್ಪನ್ನು ಗೆದ್ದ ಬೆಂಗಳೂರು ಮುಸ್ಲಿಮ್ಸ್ ತಂಡದ ಊರಿನಲ್ಲಿ. 1891ರಲ್ಲಿ ಆರಂಭವಾದ ಆ ಪಂದ್ಯಾವಳಿಯನ್ನು 1937ರವರೆಗೆ ಭಾರತೀಯರ ಯಾವ ತಂಡವೂ ಗೆದ್ದಿರಲಿಲ್ಲ. ಹನ್ನೊಂದು ಹನ್ನೆರಡು ವಯಸ್ಸಿನ ಹುಡುಗನಿಗೆ ಇದಕ್ಕಿಂತ ದೊಡ್ಡ ಗುರುಕುಲ ಯಾವುದು? ಶಾಸ್ತ್ರಕಾರರು ‘ನಿಪುಣತೆ’ಯೆಂದದ್ದು ಇದನ್ನೇ: ಒಳ್ಳೆಯದನ್ನು ಕಂಡು, ಕೇಳಿ, ಅದರ ನಡುವೆ ಬಾಳುವುದರಿಂದ ಬರುವ ಜಾಣ್ಮೆ.

ಬರಿಗಾಲಿನ ಚಮತ್ಕಾರಕ್ಕೂ ಇದೇ ಮಾತು ಸಲ್ಲುತ್ತದೆ. ಒಣಗಿ ಗಟ್ಟಿಯಾದ ನೆಲದ ಮೇಲೆ ಬರಿಗಾಲಿಗೆ ಚೆಂಡಿನ ಸ್ಪರ್ಶ ಸೂಕ್ಷ್ಮವಾಗಿ ತಿಳಿಯುತ್ತದೆ. ಒದ್ದೆಯಾದ ಹುಲ್ಲಿನ ಮೇಲೆ ಅದೇ ಕಾಲು ಜಾರುತ್ತದೆ. 1948ರ ಜುಲೈ 31ರಂದು ಇಲ್ಫರ್ಡಿನಲ್ಲಿ, ಬಹುಪಾಲು ಬರಿಗಾಲಿನಲ್ಲಿಯೇ ಆಡಿದ ಭಾರತ ತಂಡವು ಫ್ರಾನ್ಸಿನೊಡನೆ 1–2ರಲ್ಲಿ ಸೋತಿತು. ಭಾರತದ ಆ ಒಂದು ಗೋಲು, ಒಲಿಂಪಿಕ್ಕಿನಲ್ಲಿ ದೇಶದ ಪ್ರಥಮ ಗೋಲು, ಮೈಸೂರಿನ ಆಟಗಾರರಾದ ಸಾರಂಗಪಾಣಿ ರಾಮನ್ ಅವರದು. ಆ ದಿನ ನೋಡಿದವರು ಬರಿಗಾಲಿನ ಸೊಗಸನ್ನು ಕೊಂಡಾಡಿದರು. ಆದರೆ ಭಾರತಕ್ಕೆ ದೊರೆತ ಎರಡು ಪೆನಾಲ್ಟಿ ಒದೆತಗಳೂ ವ್ಯರ್ಥವಾದುವು. ಹನ್ನೆರಡು ಗಜ ದೂರದಿಂದ ನಿಂತ ಚೆಂಡನ್ನು ಒದೆಯುವುದು ಇಡೀ ಆಟದಲ್ಲಿ ಅಭ್ಯಾಸಕ್ಕೆ ಅತ್ಯಂತ ಅಧೀನವಾದ ಕ್ರಿಯೆಯೆಂಬುದನ್ನು ಇಲ್ಲಿ ನೆನೆಯಬೇಕು. ನಾಲ್ಕು ವರ್ಷಗಳ ಮೇಲೆ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯದ ಎದುರು ಸೋಲು 1–10. ಆ ಒಂದು ಗೋಲನ್ನು ಗಳಿಸಿದವರು ಅಹಮದ್ ಖಾನರೇ. ಅದಾದ ಮೇಲೆ ಬೂಟು ಕಡ್ಡಾಯವಾಯಿತು. ಪ್ರತಿಭೆಯು ಮೈಯಲ್ಲಿ ಹುದುಗಿರುವ ನಿಧಿಯೆಂದು ತಿಳಿಯುವವರಿಗೆ ಇದರಲ್ಲಿ ಒಂದು ಪಾಠವಿದೆ: ಅದು ಕಾಲಿಗೂ ನೆಲಕ್ಕೂ ಇರುವ ಸಂಬಂಧ. ನೆಲ ಬದಲಾದರೆ ವರವೂ ಬದಲಾಗುತ್ತದೆ.

ಇದು ಪ್ರತಿಭೆಯ ಪಕ್ಷವಾಯಿತು. ಪರಿಶ್ರಮದ ಪಕ್ಷಕ್ಕೆ ಬೆಂಗಳೂರಿನ ದೊಡ್ಡ ನಿದರ್ಶನವೆಂದರೆ ಕಾರ್ಖಾನೆಗಳ ತಂಡಗಳು. 1940ರಲ್ಲಿ ಸ್ಥಾಪಿತವಾದ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯೂ 1948ರಲ್ಲಿ ಆರಂಭವಾದ ಐ.ಟಿ.ಐ.ಯೂ ಆಟಗಾರರಿಗೆ ಉದ್ಯೋಗವನ್ನು ಕೊಟ್ಟು ತಂಡಗಳನ್ನು ಕಟ್ಟಿದುವು. ಆಟದ ಬಲದಿಂದ ಉದ್ಯೋಗ, ಉದ್ಯೋಗದ ಬಲದಿಂದ ಸಂಸಾರ, ಸಂಸಾರ ನಿಶ್ಚಿಂತವಾದುದರಿಂದ ಮತ್ತೆ ಆಟ. ಹೀಗೆ ಆ ಚಕ್ರ ತಿರುಗಿತು. ಪರಿಶ್ರಮವು ಕೇವಲ ಮನಸ್ಸಿನ ಗುಣವಲ್ಲವೆಂಬುದು ಇಲ್ಲಿ ಸ್ಪಷ್ಟವಾಗುತ್ತದೆ. ಬೆಳಿಗ್ಗೆ ಎರಡು ಗಂಟೆ ಓಡಬೇಕಾದರೆ ಆ ಎರಡು ಗಂಟೆಗಳು ಒಬ್ಬನ ಸ್ವಾಧೀನದಲ್ಲಿರಬೇಕು. ಸೂಪರ್ ಡಿವಿಜನ್ನಿನ ಕೆಳಗೆ ‘ಎ’, ಅದರ ಕೆಳಗೆ ‘ಬಿ’, ಅದರ ಕೆಳಗೆ ‘ಸಿ’ ಎಂದು ಇಳಿಯುವ ಜಿಲ್ಲಾ ಲೀಗಿನ ಮೆಟ್ಟಿಲುಗಳಲ್ಲಿ, ಕೆಳಗಿಳಿದಂತೆಲ್ಲ ಆಟಗಾರನ ಕೈಯಲ್ಲಿರುವ ಹೊತ್ತು ಕಡಮೆಯಾಗುತ್ತದೆ. ಅಂಗಡಿಯಲ್ಲಿ ನಿಂತು, ಗಾಡಿಯಲ್ಲಿ ಸಾಮಾನು ಹಂಚಿ, ಉಳಿದ ಹೊತ್ತಿನಲ್ಲಿ ಆಡುವವನಿಗೆ ‘ಇನ್ನಷ್ಟು ಪರಿಶ್ರಮ ಪಡು’ ಎಂದು ಉಪದೇಶಿಸುವುದು, ‘ನಿನಗೆ ಪ್ರತಿಭೆಯಿಲ್ಲ’ ಎನ್ನುವುದಕ್ಕಿಂತ ದಯೆಯ ಮಾತೇನೂ ಅಲ್ಲ.

ಎಚ್.ಎ.ಎಲ್. ತಂಡವು ಹಣದ ಬಲದಿಂದ ವಿದೇಶೀಯರನ್ನು ತಂದು ನಿಲ್ಲಿಸಿದ ತಂಡವಲ್ಲ. ಐ-ಲೀಗಿನಲ್ಲಿ ದೇಶದ ದೊಡ್ಡ ತಂಡಗಳೊಡನೆ ಸೆಣಸಿ 2012ರಲ್ಲಿ ಕೆಳಗಿನ ಪಂಕ್ತಿಗೆ ಇಳಿಯಿತು. ಮರುವರ್ಷ ಸ್ಥಾಪಿತವಾದ ಬೆಂಗಳೂರು ಎಫ್.ಸಿ., ಅದೇ ಅಶೋಕನಗರದ ಅಂಗಳದಲ್ಲಿ ಆಡಿ ಮೊದಲ ಯತ್ನದಲ್ಲಿಯೇ, 2013–14ರಲ್ಲಿ, ಐ-ಲೀಗನ್ನು ಗೆದ್ದಿತು. ಆ ಜಯವು ಗಣ್ಯವಾದುದೇ. ಆದರೆ ಮೊದಲನೆಯ ತಂಡಕ್ಕೆ ಪರಿಶ್ರಮವಿತ್ತು, ಎರಡನೆಯದಕ್ಕೆ ಪ್ರತಿಭೆಯಿತ್ತು ಎಂದು ಹೇಳಿ ಕೈತೊಳೆದುಕೊಳ್ಳುವುದು ವಿಮರ್ಶೆಯಾಗಲಾರದು. ಎರಡನೆಯದಕ್ಕೆ ವೈದ್ಯರು, ಶಿಕ್ಷಕರು, ಪೂರ್ಣಾವಧಿಯ ಅಭ್ಯಾಸ, ಇವೆಲ್ಲವೂ ಇದ್ದುವು. ಅಂದರೆ ಅಭಿಯೋಗಕ್ಕೆ ಬೇಕಾದ ಅನುಕೂಲವೇ ಅಲ್ಲಿ ಹೆಚ್ಚಾಗಿದ್ದಿತು. ಹೊರಗಿನಿಂದ ನೋಡುವವರಿಗೆ ಅದು ಪ್ರತಿಭೆಯ ವೇಷದಲ್ಲಿ ಕಂಡಿತು.

ಹಾಗಾದರೆ ನೋಡುವವರ ಕಣ್ಣನ್ನೂ ಸ್ವಲ್ಪ ಪರೀಕ್ಷಿಸಬೇಕಾಗುತ್ತದೆ. ರಾಜಶೇಖರನು ‘ಕಾವ್ಯಮೀಮಾಂಸೆ’ಯಲ್ಲಿ ಪ್ರತಿಭೆಯನ್ನು ಎರಡಾಗಿ ವಿಭಾಗಿಸುತ್ತಾನೆ: ಕವಿಗೆ ಉಪಕಾರಕವಾದ ಕಾರಯಿತ್ರೀ, ಸಹೃದಯನಿಗೆ ಉಪಕಾರಕವಾದ ಭಾವಯಿತ್ರೀ. ಪ್ರೇಕ್ಷಕನಿಗೂ ಪ್ರತಿಭೆ ಬೇಕು. ಅದಿಲ್ಲದಿದ್ದರೆ ಎದುರಿಗಿದ್ದುದೂ ಕಾಣುವುದಿಲ್ಲ. ಮೂವರನ್ನು ತಪ್ಪಿಸಿಕೊಂಡು ಓಡುವ ಮುಂಚೂಣಿಯವನ ಚಮತ್ಕಾರ ಮಗುವಿಗೂ ತಿಳಿಯುತ್ತದೆ. ಆದರೆ ಚೆಂಡು ಎಲ್ಲಿಗೆ ಬರುವುದೆಂದು ಎರಡು ಕ್ಷಣ ಮುಂಚಿತವಾಗಿ ಊಹಿಸಿ, ಆ ಸ್ಥಳಕ್ಕೆ ಮೆಲ್ಲನೆ ನಡೆದು ಹೋಗಿ ನಿಂತುಕೊಳ್ಳುವ ರಕ್ಷಕನಲ್ಲಿರುವುದು ಕಡಮೆ ಪ್ರತಿಭೆಯೆ? ಅವನು ಓಡಬೇಕಾಗಿಯೇ ಬರಲಿಲ್ಲವಾದುದರಿಂದ ಅವನು ಕಣ್ಣಿಗೆ ಬೀಳಲಿಲ್ಲ. ಬದಲಾಗಿ, ಊಹೆ ತಪ್ಪಿ ಇಪ್ಪತ್ತು ಗಜ ಓಡಿ ನೆಲಕ್ಕೆ ಬಿದ್ದು ಚೆಂಡನ್ನು ಹೊರಹಾಕಿದವನಿಗೆ ‘ಎಷ್ಟು ಶ್ರದ್ಧೆ!’ ಎಂಬ ಪ್ರಶಂಸೆ ಸಿಗುತ್ತದೆ. ಕೆಳಗಿನ ಪಂಕ್ತಿಯ ಪಂದ್ಯಗಳಲ್ಲಿ ಪ್ರತಿಭೆ ಕಾಣದಿರುವುದಕ್ಕೆ ಒಂದು ಕಾರಣ, ಅಲ್ಲಿ ಅದನ್ನು ಹುಡುಕುವ ಭಾವಯಿತ್ರಿಯು ಬೆಂಚುಗಳ ಮೇಲೆ ಕುಳಿತಿಲ್ಲದಿರುವುದು.

ಅದೇ ರಾಜಶೇಖರನು ಸಮಾಧಿಯೆಂಬ ಏಕಾಗ್ರತೆಯನ್ನು ಒಳಗಿನ ಪ್ರಯತ್ನವೆಂದೂ ಅಭ್ಯಾಸವನ್ನು ಹೊರಗಿನ ಪ್ರಯತ್ನವೆಂದೂ ಕರೆದು, ಎರಡೂ ಸೇರಿ ಶಕ್ತಿಯನ್ನು ಬೆಳಗಿಸುತ್ತವೆಂದನು. ಬೆವರು ಹೊರಗಿನ ಪ್ರಯತ್ನದ ಗುರುತು. ಒಳಗಿನ ಪ್ರಯತ್ನಕ್ಕೆ ಬೆವರಿಲ್ಲ. 2023ರ ಮಾರ್ಚ್ 4ರಂದು ರಿಯಾಧಿನಲ್ಲಿ ಕರ್ನಾಟಕವು ಮೇಘಾಲಯವನ್ನು 3–2ರಿಂದ ಸೋಲಿಸಿ, ಮೈಸೂರು ಎಂಬ ಹೆಸರಿನಲ್ಲಿ 1968–69ರಲ್ಲಿ ಗೆದ್ದ ಸಂತೋಷ್ ಟ್ರೋಫಿಯನ್ನು ಐವತ್ತನಾಲ್ಕು ವರ್ಷಗಳ ಮೇಲೆ ಮರಳಿ ಪಡೆಯಿತು. ಮೂರು ಗೋಲುಗಳೂ ಪೂರ್ವಾರ್ಧದಲ್ಲಿಯೇ ಬಂದುವು. ಮೂರನೆಯದು ವಿರಾಮದ ಹೊಸ್ತಿಲಲ್ಲಿ ರಾಬಿನ್ ಯಾದವ್ ಒದ್ದ ಫ್ರೀ ಕಿಕ್. ಉತ್ತರಾರ್ಧದಲ್ಲಿ ಮೇಘಾಲಯವು ಇನ್ನೊಂದು ಗೋಲನ್ನು ಗಳಿಸಿದ ಮೇಲೆ ಉಳಿದದ್ದು ಒಂದೇ ಕೆಲಸ, ಕಾಯುವುದು. ಪೂರ್ವಾರ್ಧವನ್ನು ಪ್ರತಿಭೆಯ ಲೆಕ್ಕಕ್ಕೂ ಉತ್ತರಾರ್ಧವನ್ನು ಪರಿಶ್ರಮದ ಲೆಕ್ಕಕ್ಕೂ ಬರೆಯುವವರಿದ್ದರೆ ಅವರನ್ನು ಕೇಳಬೇಕು: ಎರಡೂ ಅರ್ಧಗಳನ್ನು ಆಡಿದುದು ಒಂದೇ ತಂಡವಲ್ಲವೆ? ಫ್ರೀ ಕಿಕ್ಕಿನ ಹಿಂದೆ ಎಷ್ಟು ಬೆಳಗುಗಳ ಒದೆತಗಳಿದ್ದುವೋ, ಕಾಯುವ ಮೂವತ್ತು ನಿಮಿಷಗಳ ಒಳಗೆ ಎಷ್ಟು ಕ್ಷಣಗಳ ಸ್ಫುರಣವಿದ್ದಿತೋ!

ಇಷ್ಟರಿಂದ ಹುಟ್ಟಿನ ಭೇದವೇ ಇಲ್ಲವೆಂದು ಸಾಧಿಸಿದಂತಾಗಲಿಲ್ಲ. ವೇಗ, ಎತ್ತರ, ಕಣ್ಣಿನ ಚುರುಕು ಎಲ್ಲರಿಗೂ ಸಮನಾಗಿ ಹಂಚಿಕೆಯಾಗಿಲ್ಲ. ಒಂದೇ ಗುರುವಿನ ಕೈಯಲ್ಲಿ ಒಂದೇ ಕಾಲ ಕಲಿತ ಇಬ್ಬರು ಒಂದೇ ಎತ್ತರಕ್ಕೆ ಏರುವುದಿಲ್ಲ. ಪರಿಶ್ರಮವೊಂದೇ ಸಾಕೆಂಬ ಬೋಧನೆಯಲ್ಲಿ ಒಂದು ಕ್ರೌರ್ಯವೂ ಅಡಗಿದೆ. ಸೋತವನು ಸೋಲಿನ ಜೊತೆಗೆ ಸೋಮಾರಿಯೆಂಬ ಹೆಸರನ್ನೂ ಹೊರಬೇಕಾಗುತ್ತದೆ. ಪ್ರಶ್ನೆಯಿರುವುದು ಭೇದವಿದೆಯೋ ಇಲ್ಲವೋ ಎಂಬುದರಲ್ಲಲ್ಲ. ಅದನ್ನು ಯಾವಾಗ, ಯಾರು, ಯಾವ ಅಳತೆಯಿಂದ ನಿರ್ಣಯಿಸುತ್ತಾರೆಂಬುದರಲ್ಲಿ. ಜನವರಿಯಿಂದ ವಯಸ್ಸನ್ನೆಣಿಸುವ ಬಾಲಕರ ತಂಡಗಳಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರ ಸಂಖ್ಯೆ ಹೆಚ್ಚಾಗಿರುವುದು ಅನೇಕ ದೇಶಗಳಲ್ಲಿ ಕಂಡುಬಂದಿದೆ. ಹತ್ತು ತಿಂಗಳ ಬೆಳವಣಿಗೆಯನ್ನೇ ಆಯ್ಕೆಗಾರರು ಪ್ರತಿಭೆಯೆಂದು ಬರೆದುಕೊಂಡರು. ಡಿಸೆಂಬರಿನಲ್ಲಿ ಹುಟ್ಟಿದವನು ಮನೆಗೆ ಹೋದನು. ಇಂಗ್ಲೆಂಡಿನ ಜೇಮೀ ವಾರ್ಡಿಯನ್ನು ಹದಿನಾರನೆಯ ವಯಸ್ಸಿನಲ್ಲಿ, ಗಾತ್ರ ಸಾಲದೆಂದು ಶೆಫೀಲ್ಡ್ ವೆಡ್ನೆಸ್‌ಡೇ ಬಿಟ್ಟುಕೊಟ್ಟಿತು. ಕಾರ್ಖಾನೆಯಲ್ಲಿ ದುಡಿಯುತ್ತ ಅತಿ ಕೆಳಗಿನ ಪಂಕ್ತಿಗಳಲ್ಲಿ ಆಡಿದ ಅವನು 2016ರಲ್ಲಿ ಲೆಸ್ಟರ್ ತಂಡದೊಡನೆ ಆ ದೇಶದ ಅತ್ಯುನ್ನತ ಲೀಗನ್ನೇ ಗೆದ್ದನು. ಅವನನ್ನು ಪರಿಶ್ರಮದ ಮಾದರಿಯಾಗಿ ಕೊಂಡಾಡುವುದುಂಟು. ಆದರೆ ಹದಿನಾರರಲ್ಲಿ ಅವನಲ್ಲಿದ್ದ ಪ್ರತಿಭೆಯನ್ನು ಕಾಣದೆಹೋದವರ ಮೇಲಣ ಟೀಕೆಯಾಗಿ ಆ ಕಥೆಯನ್ನು ಓದಿದವರು ಕಡಮೆ.

ಆದುದರಿಂದ ‘ಪರಿಶ್ರಮವುಂಟು, ಪ್ರತಿಭೆಯಿಲ್ಲ’ ಎಂಬ ತೀರ್ಪು ಬಹುಮಟ್ಟಿಗೆ ಆಟಗಾರನ ವರ್ಣನೆಯಲ್ಲ. ನೋಡಿದವನು ಎಷ್ಟು ನೋಡಿದನೆಂಬುದರ ವರದಿ. ಮನೆಯ ಮಗನು ಸಂಗೀತದಲ್ಲಿ ಎಡವಿದರೆ ‘ಅವನಲ್ಲಿ ಇದೆ, ಅಭ್ಯಾಸ ಸಾಲದು’ ಎನ್ನುವ ಬಾಯಿಯೇ, ಬೀದಿಯ ಹುಡುಗನು ಅಂಗಳದಲ್ಲಿ ಎಡವಿದರೆ ‘ಅಭ್ಯಾಸವೇನೋ ಮಾಡುತ್ತಾನೆ, ಅವನಲ್ಲಿ ಇಲ್ಲ’ ಎನ್ನುತ್ತದೆ. ಒಬ್ಬನಿಗೆ ಬಾಗಿಲು ತೆರೆದಿಡುವ ಮಾತು ಇನ್ನೊಬ್ಬನಿಗೆ ಬಾಗಿಲು ಹಾಕುತ್ತದೆ. ಯತ್ನದಿಂದ ಉಪಾಸಿಸಿದವನಿಗೆ ವಾಗ್ದೇವಿ ಬರಿಗೈಯಲ್ಲಿ ಕಳುಹಿಸುವುದಿಲ್ಲವೆಂದ ದಂಡಿಯು, ಕವಿತ್ವಶಕ್ತಿ ತೆಳುವಾದವರೂ ಶ್ರಮದ ಬಲದಿಂದ ವಿದ್ವದ್ಗೋಷ್ಠಿಗಳಲ್ಲಿ ವಿಹರಿಸಬಲ್ಲರೆಂದು ಸೇರಿಸಿದನು. ಅವನು ಹೇಳಿದುದು ಗೋಷ್ಠಿಯಲ್ಲಿ ಅವರಿಗೂ ಇರುವ ಸ್ಥಳವನ್ನು. ಮೂರು ನಾಲ್ಕು ಮೈಲಿ ಪೂರ್ವಕ್ಕಿರುವ ಆ ಅಂಗಳದ ಬೆಂಚುಗಳಲ್ಲಿಯೂ ಸ್ಥಳ ಬೇಕಾದಷ್ಟಿದೆ. ಕುಮಾರ ಪಾರ್ಕಿನ ರಸಿಕರು ಮುಂದಿನ ಸಲ ಹೋದಾಗ ಚೆಂಡನ್ನು ಬಿಟ್ಟು, ಚೆಂಡಿಲ್ಲದ ಹುಡುಗನೊಬ್ಬನನ್ನು ಹತ್ತು ನಿಮಿಷ ನೋಡಲಿ. ‘ಪಾಪ’ ಎಂಬ ಮಾತು ಆಮೇಲೆ ಬಾಯಿಗೆ ಬರುವುದೋ ಇಲ್ಲವೋ ಅಲ್ಲಿಯೇ ತಿಳಿಯುತ್ತದೆ.