ಇಬ್ಬರು ಮೇಷ್ಟ್ರ ಶಾಲೆಗೆ ಎಂಥ ಪೂರಕ ಪಠ್ಯ?

ಶಿಕ್ಷಣ ಹಕ್ಕು ಕಾಯ್ದೆಯ ಲೆಕ್ಕದಲ್ಲಿ 60 ಮಕ್ಕಳವರೆಗಿನ ಕಿರಿಯ ಪ್ರಾಥಮಿಕ ಶಾಲೆಗೆ ಇಬ್ಬರು ಶಿಕ್ಷಕರು. ತರಗತಿಗಳು ಐದು. ಒಂದೇ ಕೋಣೆಯಲ್ಲಿ ಎರಡು ಮೂರು ತರಗತಿ ಕೂರುವುದು ಆಕಸ್ಮಿಕವೇನಲ್ಲ, ಕಾಯ್ದೆಯೇ ಒಪ್ಪಿಕೊಂಡ ಸ್ಥಿತಿ. ಪ್ರಾಥಮಿಕ ಶಿಕ್ಷಕರ ತರಬೇತಿಯಾದ ಡಿ.ಎಲ್.ಎಡ್.ನ ಪ್ರಶಿಕ್ಷಣಾರ್ಥಿ ಬರೆದು ಸಹಿ ಹಾಕಿಸಿಕೊಳ್ಳುವ ಪಾಠಯೋಜನೆಯಲ್ಲಿ ಮಾತ್ರ ಈ ಕೋಣೆ ಕಾಣುವುದು ಅಪರೂಪ. ಅಲ್ಲಿರುವುದು ಒಂದು ತರಗತಿ, ಒಂದು ವಿಷಯ, ಒಂದು ಅವಧಿ.

ತರಬೇತಿಯ ಪೂರಕ ಪಠ್ಯ ತುಂಬಬೇಕಾದದ್ದು ಈ ಖಾಲಿ ಜಾಗವನ್ನು. ಆದರೆ ಪೂರಕವೆಂದು ಬರುವುದು ಯೋಗ, ಕಂಪ್ಯೂಟರು, ಜೀವನ ಕೌಶಲ. ಯಾವುದೂ ಕೆಟ್ಟದ್ದಲ್ಲ, ಊಟವಿಲ್ಲದ ಎಲೆಗೆ ಉಪ್ಪಿನಕಾಯಿ ಬಡಿಸಿದಂತೆ, ಅಷ್ಟೆ.

ನಮ್ಮಲ್ಲೇ ಒಳ್ಳೆಯ ಮಾದರಿಯೊಂದಿದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯೂನಿಸೆಫ್ ನೆರವಿನಿಂದ ನಲಿ-ಕಲಿ ಎಂಬ ಕಲಿಕೆಯ ಪದ್ಧತಿ ಶುರುವಾಯಿತು. ಆಂಧ್ರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳಿಂದ ಪ್ರೇರಣೆ ಪಡೆದ ಸರ್ಕಾರಿ ಶಾಲೆಯ ಶಿಕ್ಷಕರು ತಾವೇ ಕೂತು ಪಾಠಗಳನ್ನು ಮೆಟ್ಟಿಲುಗಳಾಗಿ ಒಡೆದರು, ಕಾರ್ಡು ಬರೆದರು. ಯಾವ ಮಗು ಮೇಷ್ಟ್ರ ಜೊತೆ, ಯಾವುದು ಗೆಳೆಯರ ಜೊತೆ, ಯಾವುದು ತಾನೇ ಕಲಿಯಬೇಕೆಂದು ‘ತಟ್ಟೆ’ ಎನ್ನುವ ಗುಂಪುಗಳಿಗೆ ಹಂಚಿದರು. 2009-10ರಲ್ಲಿ ಪದ್ಧತಿ ರಾಜ್ಯಕ್ಕೆಲ್ಲ ಹಬ್ಬಿತು. ಜೊತೆಗೆ ಅಚ್ಚಾದ ಕಾರ್ಡುಗಳ ಕಟ್ಟೂ ಬಂತು. ಹೊಸ ಶಿಕ್ಷಕರ ಪಾಲಿಗೆ ಉಳಿದದ್ದು ಅದನ್ನು ಹಂಚುವ ಕೆಲಸ. ನಲಿ-ಕಲಿಯ ಜೀವ ಕಾರ್ಡಿನಲ್ಲಿರಲಿಲ್ಲ, ಅದನ್ನು ಬರೆಯಲು ನಡೆದ ವಾದ-ತಿದ್ದುಪಡಿಯಲ್ಲಿತ್ತು ಎಂದೇ ನನ್ನ ಅನಿಸಿಕೆ.

ಬರೆದು ತಿದ್ದುವ ಆ ಕೆಲಸವನ್ನೇ ಪೂರಕ ಪಠ್ಯ ಮಾಡಬಹುದು. ಪ್ರಶಿಕ್ಷಣಾರ್ಥಿಗೆ ದಶಕ ತೆಗೆದುಕೊಂಡು ಕಳೆಯುವ ಲೆಕ್ಕವನ್ನೇ ಕೊಡಿ. ಅದನ್ನು ಮೆಟ್ಟಿಲುಗಳಾಗಿ ಒಡೆಯಲಿ, ಕಾರ್ಡು ಬರೆಯಲಿ, ಶಾಲೆಗೆ ಒಯ್ಯಲಿ. 52ರಿಂದ 27 ಕಳೆಯುವಾಗ ಮಗು 35 ಎಂದು ಬರೆದರೆ, 7ರಿಂದ 2 ಕಳೆದದ್ದೇಕೆ ಎಂದು ಕೇಳಿ ಹಿಂದಿನ ಮೆಟ್ಟಿಲನ್ನು ತಿದ್ದಲಿ. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ (ಎನ್‌ಸಿಟಿಇ) 2014ರ ನಿಯಮಗಳು ಶಾಲಾ ಅನುಭವಕ್ಕೆ 20 ವಾರ ಕೊಟ್ಟಿವೆ; ಸಮಯವಿಲ್ಲ ಎನ್ನುವಂತಿಲ್ಲ. ದೆಹಲಿ ವಿಶ್ವವಿದ್ಯಾಲಯದ ಪ್ರಾಥಮಿಕ ಶಿಕ್ಷಕರ ಪದವಿ ಬಿ.ಎಲ್.ಎಡ್. 1994ರಲ್ಲಿ ಶುರುವಾದಾಗ ಕಥೆ ಹೇಳುವುದು, ನಾಟಕ ಇವೆಲ್ಲ ವೇಳಾಪಟ್ಟಿಯೊಳಗೇ ಬಂದವು. ನಮ್ಮಲ್ಲಿ ಪೂರಕವೆಂದರೆ ಇನ್ನೂ ಶನಿವಾರ ಮಧ್ಯಾಹ್ನದ ಬಾಬತ್ತು.

ತೊಡಕು ಬೇರೆಡೆ ಇದೆ. ಡಿ.ಎಲ್.ಎಡ್. ಕಾಲೇಜುಗಳಲ್ಲಿ ಕಲಿಸುವವರಲ್ಲಿ ಅನೇಕರು ಹೈಸ್ಕೂಲಿಗೆಂದು ಬಿ.ಎಡ್. ಮಾಡಿದವರು, ಒಂದನೇ ತರಗತಿಯ ಮುಂದೆ ನಿಂತವರಲ್ಲ. ಪ್ರಶಿಕ್ಷಣಾರ್ಥಿಯ ಕಾರ್ಡು ನೋಡಿ ಇದು ನಡೆಯುತ್ತದೆ, ಇದು ನಡೆಯದು ಎನ್ನಬಲ್ಲವರು ಅದನ್ನು ಒಯ್ದ ಶಾಲೆಯ ನಲಿ-ಕಲಿ ಶಿಕ್ಷಕಿ. ಅವರಿಗೂ ಅಂಕ ಹಾಕುವ ಅಧಿಕಾರ ಕೊಡದ ಪೂರಕ ಪಠ್ಯ, ಎಷ್ಟೇ ಚೆಂದ ಬರೆದಿದ್ದರೂ, ದಾಖಲೆ ಪುಸ್ತಕದಲ್ಲೇ ಮುಗಿದುಹೋಗುತ್ತದೆ.