ಮುಷ್ಟಿಯುದ್ಧದ ಹಳೆಯ ಪತ್ರಿಕೆಗಳೂ ನಮ್ಮ ಕುಸ್ತಿಯ ಕರಪತ್ರವೂ

ಜಾತ್ರೆಯ ಕುಸ್ತಿಗೆ ನಾಲ್ಕು ದಿನ ಮುಂಚೆ ಅಚ್ಚಾಗಿ, ಮಗ್ಗಗಳ ಸದ್ದಿನ ನಡುವೆ ಬನಹಟ್ಟಿಯ ಓಣಿಓಣಿಗೂ ಹಂಚಿಹೋಗಿ, ಚಹದಂಗಡಿಯ ಕಂಬಕ್ಕೆ ಅಂಟಿಕೊಂಡು, ಕುಸ್ತಿ ಮುಗಿದ ಮರುದಿನವೇ ಚುರಮುರಿಯ ಪೊಟ್ಟಣವಾಗಿ ತನ್ನ ಅವತಾರವನ್ನು ಸಮಾಪ್ತಗೊಳಿಸುವ ಆ ತೆಳ್ಳನೆಯ ಗುಲಾಬಿ ಕಾಗದವನ್ನು ಬರವಣಿಗೆಯ ಒಂದು ಪ್ರಕಾರವೆಂದು ಗಣಿಸಿದವರು ಯಾರೂ ಇದ್ದಂತಿಲ್ಲ. ಆದರೂ ಅದಕ್ಕೆ ತನ್ನದೇ ಆದ ಒಂದು ವ್ಯಾಕರಣವುಂಟು. ತಲೆಯ ಮೇಲೆ ‘ಶ್ರೀ ಕಾಡಸಿದ್ಧೇಶ್ವರ ಪ್ರಸನ್ನ’. ಅದರ ಕೆಳಗೆ ಗದೆ ಹೊತ್ತ ಹನುಮಂತನ ಮಸುಕಾದ ಬ್ಲಾಕು. ಅದರ ಕೆಳಗೆ ದಪ್ಪಕ್ಷರದಲ್ಲಿ ‘ಜಂಗೀ ನಿಕಾಲಿ ಕುಸ್ತಿಗಳು’. ಆಮೇಲೆ ಎಡಕ್ಕೊಬ್ಬ, ಬಲಕ್ಕೊಬ್ಬ ಪೈಲ್ವಾನ, ಅವರವರ ಹೆಸರಿನ ಅಡಿಯಲ್ಲಿ ಊರು, ತಾಲೀಮು, ವಸ್ತಾದರ ನಾಮಧೇಯ, ಅಂಚಿನಲ್ಲಿ ಇನಾಮಿನ ಮೊತ್ತ. ನಿಕಾಲಿ ಎಂದರೆ ಇತ್ಯರ್ಥವಾಗುವವರೆಗೆ ಬಿಡದ ಕುಸ್ತಿ. ವಿಚಿತ್ರವೆಂದರೆ, ಇತ್ಯರ್ಥದ ಮೇಲೆ ಇಷ್ಟೊಂದು ಆಣೆಯಿಟ್ಟು ಹೊರಡುವ ಈ ಕಾಗದದಲ್ಲಿ ಇತ್ಯರ್ಥವೊಂದೇ ಇರುವುದಿಲ್ಲ. ಯಾರು ಯಾರೊಡನೆ ಎಂಬುದನ್ನು ಅದು ಘಂಟಾಘೋಷವಾಗಿ ಸಾರುತ್ತದೆ. ಯಾರು ಗೆದ್ದರೆಂಬುದನ್ನು ಹೇಳಲು ಎರಡನೆಯ ಕಾಗದವೊಂದು ನಮ್ಮಲ್ಲಿ ಎಂದೂ ಅಚ್ಚಾಗಲಿಲ್ಲ.

ಈ ಕೊರತೆ ನನ್ನ ಕಣ್ಣಿಗೆ ಬಿದ್ದದ್ದು ಊರಿನಲ್ಲಲ್ಲ, ಕೊಲ್ಹಾಪುರದ ಒಂದು ರದ್ದಿಯಂಗಡಿಯಲ್ಲಿ. ಕಿಲೋ ಲೆಕ್ಕದಲ್ಲಿ ತೂಗಿ ಮಾರುತ್ತಿದ್ದ ಇಂಗ್ಲಿಷ್ ಪತ್ರಿಕೆಗಳ ರಾಶಿಯಲ್ಲಿ ಅಮೆರಿಕದ ‘ದಿ ರಿಂಗ್’ ಎಂಬ ಮುಷ್ಟಿಯುದ್ಧದ ಮಾಸಪತ್ರಿಕೆಯ ಐದಾರು ಹಳೆಯ ಸಂಚಿಕೆಗಳು ದೊರೆತವು. ಹೊರಗೆ ಬಣ್ಣದಲ್ಲಿ ಬರೆದ ಯೋಧನ ಚಿತ್ರ, ಒಳಗೆ ಬೆರಳಿಗೆ ಮಸಿ ಅಂಟಿಸುವ ಅಗ್ಗದ ಕಾಗದ. ಅಂದು ರಾತ್ರಿ ಬಸ್ಸಿನ ಮಂದದೀಪದಲ್ಲಿ ನಾನು ಓದಿದ್ದು ಚಾಂಪಿಯನ್ನರ ಕಥೆಗಳನ್ನಲ್ಲ. ಕೊನೆಯ ಪುಟಗಳಲ್ಲಿ ಇರುವೆಸಾಲಿನಂತೆ ಹರಿದಿದ್ದ ಫಲಿತಾಂಶಗಳನ್ನು. ಹೆಸರು ಕೇಳರಿಯದ ಊರಿನಲ್ಲಿ, ಹೆಸರು ಕೇಳರಿಯದ ಒಬ್ಬನು ಇನ್ನೊಬ್ಬನಿಂದ ನಾಲ್ಕನೆಯ ಸುತ್ತಿನಲ್ಲಿ ಬಿದ್ದನೆಂಬ ಅರ್ಧ ಸಾಲಿನ ವಾರ್ತೆಯನ್ನು ಇಷ್ಟು ಶ್ರದ್ಧೆಯಿಂದ ಕಾಪಾಡಿಕೊಂಡ ಪರಂಪರೆಯೊಂದು ಜಗತ್ತಿನಲ್ಲಿರುವುದಾದರೆ, ಅದರ ಗುಣದೋಷಗಳನ್ನು ವಿವೇಚಿಸದೆ ಬಿಡಲಾಗದೆಂದು ಅಂದೇ ತೋರಿತು.

ಈ ಪರಂಪರೆಯ ಮೂಲಪುರುಷ ಪಿಯರ್ಸ್ ಈಗನ್. ಇಂಗ್ಲೆಂಡಿನಲ್ಲಿ ಬರಿಗೈಯ ಕಾಳಗಗಳು ಕಾನೂನಿನ ಕಣ್ಣು ತಪ್ಪಿಸಿ ಹೊಲಗದ್ದೆಗಳಲ್ಲಿ ನಡೆಯುತ್ತಿದ್ದ ಕಾಲದಲ್ಲಿ, 1813ರ ಸುಮಾರಿಗೆ, ಅವನು ‘ಬಾಕ್ಸಿಯಾನಾ’ ಎಂಬ ಗ್ರಂಥಮಾಲೆಯನ್ನು ಆರಂಭಿಸಿ ಕಟುಕರ, ಗಾಡಿಯವರ ಆಡುನುಡಿಯನ್ನು ಅಚ್ಚಿಗೆ ತಂದನು. ಅವನ ಹಾದಿಯಲ್ಲೇ, ಆದರೆ ಅವನಿಗಿಂತ ಎಷ್ಟೋ ಎತ್ತರದಲ್ಲಿ ನಡೆದ ವಿಲಿಯಂ ಹ್ಯಾಜ್ಲಿಟ್ಟನ ‘ದಿ ಫೈಟ್’ ಎಂಬ ಪ್ರಬಂಧವು 1822ರ ಫೆಬ್ರವರಿಯಲ್ಲಿ ಒಂದು ಮಾಸಪತ್ರಿಕೆಯಲ್ಲಿ ಪ್ರಕಟವಾಯಿತು. ನ್ಯಾಟ್ ಫ್ಲೈಷರ್ ಎಂಬಾತನು ನ್ಯೂಯಾರ್ಕಿನಲ್ಲಿ ‘ದಿ ರಿಂಗ್’ ಪತ್ರಿಕೆಯ ಮೊದಲ ಸಂಚಿಕೆಯನ್ನು ಹೊರತಂದದ್ದು 1922ರ ಫೆಬ್ರವರಿಯಲ್ಲಿ. ಸರಿಯಾಗಿ ನೂರು ವರ್ಷ. ಈ ನಡುವೆ ಲಂಡನ್ನಿನಲ್ಲಿ 1909ರಲ್ಲಿ ಹುಟ್ಟಿ, ಮುಂದೆ ‘ಬಾಕ್ಸಿಂಗ್ ನ್ಯೂಸ್’ ಎಂದು ಹೆಸರಾದ ವಾರಪತ್ರಿಕೆಯೂ, ಗುಲಾಬಿ ಕಾಗದದ ಮೇಲೆ ಕೊಲೆ, ಹಗರಣ, ಮುಷ್ಟಿಯುದ್ಧಗಳನ್ನು ಏಕತ್ರ ಉಣಬಡಿಸುತ್ತಿದ್ದ ಅಮೆರಿಕದ ‘ಪೊಲೀಸ್ ಗೆಜೆಟ್’ ಎಂಬ ಪತ್ರಿಕೆಯೂ ಬಂದವು. ಗುಲಾಬಿ ಕಾಗದದ ಮೋಹವು ನಮ್ಮ ಕರಪತ್ರಗಳಿಗೆ ಮಾತ್ರ ಮೀಸಲಲ್ಲವೆಂದು ತಿಳಿದು ನನಗೆ ಸಮಾಧಾನವಾದದ್ದುಂಟು.

ಫ್ಲೈಷರನು ಹ್ಯಾಜ್ಲಿಟ್ಟನಲ್ಲ. ಅವನ ಗದ್ಯ ಸವೆದ ನಾಣ್ಯದಂಥದು. ಅವನ ಯೋಧರೆಲ್ಲರೂ ಸಿಂಹಹೃದಯರು, ಹೊಡೆತಗಳೆಲ್ಲವೂ ಸಿಡಿಲುಗಳು. ಆದರೆ ಅರ್ಧ ಶತಮಾನದ ಕಾಲ, 1972ರಲ್ಲಿ ತೀರಿಕೊಳ್ಳುವವರೆಗೆ, ಅವನು ಲೆಕ್ಕವಿಡುವುದನ್ನು ಬಿಡಲಿಲ್ಲ. 1940ರ ದಶಕದ ಆರಂಭದಿಂದ ಅವನ ಪತ್ರಿಕೆ ಹೊರತಂದ ದಾಖಲೆ ಗ್ರಂಥಗಳಲ್ಲಿ ಜಗಜಟ್ಟಿಗಳ ಜೊತೆಯಲ್ಲೇ, ಜೀವಮಾನದಲ್ಲಿ ಹತ್ತು ಪಂದ್ಯವಾಡಿ ಏಳರಲ್ಲಿ ಸೋತವನಿಗೂ ಸ್ಥಾನವಿತ್ತು. ಆಫ್ರಿಕನ್ ಮೂಲದ ಯೋಧರನ್ನು ಅಮೆರಿಕದ ಕ್ರೀಡಾಲೋಕವು ಹೊಸ್ತಿಲಾಚೆ ನಿಲ್ಲಿಸಿದ್ದ ದಿನಗಳಲ್ಲಿ, 1938ರಿಂದ ಮೊದಲ್ಗೊಂಡು, ‘ಬ್ಲ್ಯಾಕ್ ಡೈನಮೈಟ್’ ಎಂಬ ಹೆಸರಿನಲ್ಲಿ ಅವರ ಚರಿತ್ರೆಯನ್ನು ಐದು ಸಂಪುಟಗಳಲ್ಲಿ ಬರೆದವನೂ ಇವನೇ. ಭಾಷೆಯ ಬಡತನವನ್ನು ಶ್ರದ್ಧೆಯ ಸಿರಿಯು ಎಷ್ಟರಮಟ್ಟಿಗೆ ತುಂಬಿಕೊಡಬಲ್ಲುದೆಂಬುದಕ್ಕೆ ಅವನೇ ದೃಷ್ಟಾಂತ.

ಆದರೆ ಈ ಲೆಕ್ಕದ ಪುಸ್ತಕಕ್ಕೆ ಹುಳು ಹತ್ತಿದ್ದು ಎಂದು? ಬಹುಮಂದಿ 1977ನ್ನು ತೋರಿಸುತ್ತಾರೆ. ಆ ವರ್ಷ ಅಮೆರಿಕದ ದೂರದರ್ಶನ ಸಂಸ್ಥೆಯಾದ ಎಬಿಸಿಗಾಗಿ ಡಾನ್ ಕಿಂಗ್ ಎಂಬ ಪಂದ್ಯವ್ಯವಸ್ಥಾಪಕನು ನಡೆಸಿದ ಪಂದ್ಯಾವಳಿಯಲ್ಲಿ, ಕೆಲವು ಸಾಧಾರಣ ಯೋಧರು ಎಂದೂ ಆಡಿರದ ಪಂದ್ಯಗಳನ್ನು ಗೆದ್ದಂತೆ ‘ದಿ ರಿಂಗ್’ ಪತ್ರಿಕೆಯ ದಾಖಲೆಗಳಲ್ಲಿ ಅಚ್ಚಾಗಿದ್ದುದು ಹೊರಬಿದ್ದು ಪಂದ್ಯಾವಳಿಯೇ ಅರ್ಧಕ್ಕೆ ನಿಂತುಹೋಯಿತು. ನನ್ನ ಮತದಲ್ಲಿ ಹುಳುವಿನ ತತ್ತಿ ಅದಕ್ಕಿಂತ ಅರ್ಧ ಶತಮಾನ ಹಿಂದಿನದು. ಮೊದಲ ಸಂಚಿಕೆಯ ಮುಖಪುಟದ ಮೇಲೆ ಇದ್ದವರಲ್ಲಿ ಒಬ್ಬನು ಟೆಕ್ಸ್ ರಿಕರ್ಡ್. ಪಂದ್ಯಗಳನ್ನು ಏರ್ಪಡಿಸಿ ಹಣ ಮಾಡುವುದು ಅವನ ವೃತ್ತಿ. 1925ರ ಆರಂಭದಲ್ಲಿ ಪತ್ರಿಕೆಯು ಯೋಧರ ತರತಮವನ್ನು ನಿರ್ಣಯಿಸಿ ಪ್ರಥಮಬಾರಿಗೆ ವಾರ್ಷಿಕ ಶ್ರೇಯಾಂಕಪಟ್ಟಿಯನ್ನು ಪ್ರಕಟಿಸಿದಾಗ ಅದನ್ನು ತಯಾರಿಸಿಕೊಟ್ಟವನೂ ಅವನೇ! ದಲಾಲನ ಕೈಗೆ ತಕ್ಕಡಿ ಕೊಟ್ಟು ಸರಿದೂಕವನ್ನು ನಿರೀಕ್ಷಿಸಿದಂತಾಯಿತು. ಸೂತಿನ ಪೇಟೆಯಲ್ಲಿ ಬೆಳೆದ ನಮ್ಮೂರಿನ ಯಾವ ನೇಕಾರನೂ ಆ ತಪ್ಪನ್ನು ಮಾಡಿರಲಾರ. ಪತ್ರಿಕೆಯು 2007ರಲ್ಲಿ ಆಸ್ಕರ್ ಡಿ ಲಾ ಹೋಯಾ ಎಂಬ ಯೋಧ-ವ್ಯವಸ್ಥಾಪಕನ ಸಂಸ್ಥೆಯ ಪಾಲಾದದ್ದನ್ನೂ, 2024ರಲ್ಲಿ ಪಂದ್ಯಗಳ ಮೇಲೆ ಹಣ ಸುರಿಯುತ್ತಿರುವ ಸೌದಿ ಅರೇಬಿಯದ ತುರ್ಕಿ ಅಲ್-ಶೇಖ್ ಅವರ ಕೈ ಸೇರಿದ್ದನ್ನೂ ಕಂಡು ಅಚ್ಚರಿಪಟ್ಟವರು ಆ ಮೊದಲ ಮುಖಪುಟವನ್ನು ಮರೆತವರು.

ಫ್ಲೈಷರನ ನ್ಯಾಯಬುದ್ಧಿಯೂ ಒಂದೇ ಹದದಲ್ಲಿ ಕೆಲಸ ಮಾಡಲಿಲ್ಲ. ವಿಯೆಟ್ನಾಂ ಯುದ್ಧಕ್ಕೆ ಹೋಗೆನೆಂದ ಮುಹಮ್ಮದ್ ಅಲಿಯ ಪದವಿಯನ್ನು 1967ರಲ್ಲಿ ಉಳಿದವರೆಲ್ಲ ಕಿತ್ತುಕೊಂಡಾಗ, ಪದವಿಯನ್ನು ಕಣದಲ್ಲಿ ಕಳೆದುಕೊಳ್ಳಬೇಕಲ್ಲದೆ ಕಚೇರಿಯಲ್ಲಲ್ಲವೆಂದು ಹಟಹಿಡಿದು ಅವನನ್ನೇ ಚಾಂಪಿಯನ್ ಎಂದು ಮನ್ನಿಸುತ್ತ ಬಂದದ್ದು ಈ ಪತ್ರಿಕೆಯೇ. ಅದಕ್ಕೆ ಹಿಂದಿನ 1966ರಲ್ಲಿ ವರ್ಷದ ಯೋಧನೆಂಬ ಗೌರವಕ್ಕೆ ನಿಸ್ಸಂದೇಹವಾಗಿ ಅರ್ಹನಾಗಿದ್ದ ಅದೇ ಅಲಿಗೆ ಅದನ್ನು ಕೊಡಲೊಲ್ಲದೆ ಆ ವರ್ಷ ಗೌರವವನ್ನೇ ತಡೆಹಿಡಿದದ್ದೂ ಈ ಪತ್ರಿಕೆಯೇ. ಇನ್ನು ಸರ್ವಕಾಲದ ಶ್ರೇಷ್ಠರ ವಿಚಾರ. 1958ರ ಅವನ ಪಟ್ಟಿಯಲ್ಲಿ ಭಾರವರ್ಗದ ಮೊದಲ ಮೂರು ಸ್ಥಾನಗಳು ಜ್ಯಾಕ್ ಜಾನ್ಸನ್, ಜೆಫ್ರೀಸ್, ಫಿಟ್ಜ್‌ಸಿಮನ್ಸರಿಗೆ, ಎಂದರೆ ಸಂಪಾದಕನ ಬಾಲ್ಯ ಯೌವನಗಳ ವೀರರಿಗೆ. ಸುಮಾರು ಹನ್ನೆರಡು ವರ್ಷ ಪದವಿಯನ್ನಾಳಿದ ಜೋ ಲೂಯಿಗೆ ದೊರೆತದ್ದು ಆರನೆಯದು. ಗರಡಿಮನೆಯ ಕಟ್ಟೆಯ ಮೇಲೆ ಕೂತು, ಈಗಿನ ಹುಡುಗರ ಮೈ ಬರಿಯ ಹುಸಿ, ನಮ್ಮ ಕಾಲದವರೊಬ್ಬೊಬ್ಬರು ಸಾವಿರ ಬೈಠಕ್ ಹೊಡೆಯುತ್ತಿದ್ದರೆಂದು ನಿಟ್ಟುಸಿರಿಡುವ ನಮ್ಮ ಹಿರಿಯರನ್ನು ಕಂಡವರಿಗೆ ಈ ರೋಗಲಕ್ಷಣ ಹೊಸದಲ್ಲ.

ಈಗ ನಮ್ಮ ಸೀಮೆಯತ್ತ ತಿರುಗೋಣ. ಕಾಳಗವನ್ನು ಬರೆಯುವುದು ನಮಗೆ ಬಾರದೆಂದು ಯಾರೂ ಹೇಳಲಾರರು. ಕನ್ನಡದ ಅತ್ಯುಜ್ವಲ ದ್ವಂದ್ವಯುದ್ಧವನ್ನು ಬರೆದ ರನ್ನನು ಹುಟ್ಟಿದ್ದು ನಮ್ಮ ಮಗ್ಗುಲಿನ ಮುಧೋಳದಲ್ಲಿ, ಬಳೆಗಾರರ ಮನೆಯಲ್ಲಿ. ಅವನ ಗದಾಯುದ್ಧವು ಕಡೆಯ ಕಾಳಗದ ಅಂಚಿನಲ್ಲಿ ನಿಂತು, ಸಿಂಹವು ಹೊರಳಿ ನೋಡುವಂತೆ, ಸಮಸ್ತ ಭಾರತಕಥೆಯನ್ನು ಹಿಂದಿರುಗಿ ನೋಡುತ್ತದೆ. ಪದವಿಯ ಪಂದ್ಯಕ್ಕೆ ಮುಂಚೆ ಇಬ್ಬರು ಯೋಧರ ಪೂರ್ವವೃತ್ತಾಂತವನ್ನೆಲ್ಲ ಅಚ್ಚುಮಾಡುವ ಪತ್ರಿಕೆಯ ಕ್ರಮವೂ ಸ್ಥೂಲವಾಗಿ ಇದೇ ಅಲ್ಲವೆ? ಹೋಲಿಕೆ ಅತಿಯಾಯಿತೆಂದು ರನ್ನನ ಅಭಿಮಾನಿಗಳು ಮುನಿಯಬಾರದು. ಸೋತವನ ಮೇಲೆ ಕವಿಯಿಟ್ಟ ಕಣ್ಣು ಯಾವ ಸಂಪಾದಕನಿಗೂ ದಕ್ಕಿದ್ದಲ್ಲ. ಹಾಗೆಯೇ ತರತಮ ನಿರ್ಣಯವೂ ನಮಗೆ ಅಪರಿಚಿತವಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ ಎಂಬ ಸಂಸ್ಕೃತಗ್ರಂಥದ ಮಲ್ಲವಿನೋದ ಪ್ರಕರಣದಲ್ಲಿ ಜಟ್ಟಿಗಳನ್ನು ವಯಸ್ಸು, ಮೈಕಟ್ಟು, ಬಲಗಳಿಗನುಸಾರವಾಗಿ ಜ್ಯೇಷ್ಠಿಕ ಮುಂತಾದ ವರ್ಗಗಳಲ್ಲಿ ವಿಂಗಡಿಸಲಾಗಿದೆ. ರಿಕರ್ಡನ ಪಟ್ಟಿಗಿಂತ ಎಂಟು ಶತಮಾನ ಮುಂಚಿನ ಮಾತಿದು.

ಹೀಗಿದ್ದೂ, ಕುಸ್ತಿಯ ಮಹಾಯುಗವು ನಮ್ಮ ಬಾಗಿಲಿಗೇ ಬಂದಾಗ ನಮ್ಮ ಲೇಖನಿ ನಿದ್ರಿಸುತ್ತಿತ್ತು. ಕೊಲ್ಹಾಪುರದ ಶಾಹು ಮಹಾರಾಜರು ರೋಮಿನ ಕೊಲೋಸಿಯಮ್ಮನ್ನು ಕಂಡುಬಂದ ಬಳಿಕ ಖಾಸಬಾಗಿನ ಕುಸ್ತಿ ಮೈದಾನವನ್ನು ಕಟ್ಟಿಸಿದರು. 1912ರಲ್ಲಿ ಅದು ಸಿದ್ಧವಾಯಿತು. ಜಮಖಂಡಿ, ಮುಧೋಳಗಳು ಆಗ ಪ್ರತ್ಯೇಕ ಸಂಸ್ಥಾನಗಳು. ಕೃಷ್ಣೆಯ ಎರಡು ದಂಡೆಗಳ ಹುಡುಗರಿಗೂ ಕೊಲ್ಹಾಪುರ, ಸಾಂಗಲಿಗಳ ತಾಲೀಮುಗಳೇ ಕಾಶಿ. ಚಿಕ್ಕೋಡಿ ಸೀಮೆಯ ಏಕಸಂಬೆಯಲ್ಲಿ ಹುಟ್ಟಿದ ಶ್ರೀಪತಿ ಖಂಚನಾಳೆಯವರು ಕೊಲ್ಹಾಪುರದ ಮಣ್ಣಿನಲ್ಲಿ ಪಳಗಿ 1959ರಲ್ಲಿ ಹಿಂದ್ ಕೇಸರಿ ಎನಿಸಿದರು. ಇಂಥವರ ಕುಸ್ತಿಗಳನ್ನು ಸಾಲಾಗಿ, ತೇದಿವಾರು, ಎದುರಾಳಿವಾರು ನೋಡಬಯಸುವ ಕನ್ನಡಿಗನು ಎಲ್ಲಿಗೆ ಹೋಗಬೇಕು? ಗಾಮಾ ಪೈಲ್ವಾನನ ವಿಷಯವಾಗಿ ನಮಗೆ ನಿಶ್ಚಿತವಾಗಿ ತಿಳಿದ ಸಂಗತಿಗಳಲ್ಲಿ ಪ್ರಧಾನವಾದದ್ದು, 1910ರ ಸೆಪ್ಟೆಂಬರ್ 10ರಂದು ಲಂಡನ್ನಿನಲ್ಲಿ ಪೋಲೆಂಡಿನ ಜ್ಬಿಸ್ಕೋನು ಎರಡೂವರೆ ತಾಸು ಬಹುಮಟ್ಟಿಗೆ ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿಯೇ ಸೋಲನ್ನು ತಪ್ಪಿಸಿಕೊಂಡನೆಂಬುದು. ಅದು ತಿಳಿದದ್ದಾದರೂ ಅಲ್ಲಿನ ಪತ್ರಿಕೆಗಳವರು ಗಡಿಯಾರ ಹಿಡಿದು ಕೂತಿದ್ದುದರಿಂದ. ಊರೂರ ಜಾತ್ರೆಗಳಲ್ಲಿ ಅವನು ಕೆಡವಿದವರೆಷ್ಟು ಮಂದಿಯೆಂದು ಕೇಳಿದರೆ ಬಾಯಿಗೊಂದು ಲೆಕ್ಕ.

ಇಲ್ಲಿ ಒಬ್ಬರನ್ನು ನೆನೆದರೆ ನನಗೆ ವ್ಯಥೆಯಾಗುತ್ತದೆ. ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆಯನ್ನು ನಡೆಸಿ, ಅಂಚೆಯ ಮೂಲಕವೂ ದೇಹಸಾಧನೆಯನ್ನು ಕಲಿಸಿದ ಕೆ. ವಿ. ಅಯ್ಯರ್ ಅವರಿಗೆ ಮೈಯೂ ಇತ್ತು, ಕನ್ನಡವೂ ಇತ್ತು. ಕೈಲಾಸಂ ಅವರಂಥವರ ಸ್ನೇಹವೂ ಇತ್ತು. ಆದರೆ ವ್ಯಾಯಾಮದ ಪುಸ್ತಕಗಳನ್ನು ಅವರು ಇಂಗ್ಲಿಷಿನಲ್ಲಿ ಬರೆದರು. ಕನ್ನಡದಲ್ಲಿ ಕಾದಂಬರಿಗೆ ಕೈಯಿಟ್ಟಾಗ ಹೊಯ್ಸಳರ ‘ಶಾಂತಲಾ’, ಇಟಲಿಯ ಕಲಾವಿದನ ಸುತ್ತ ಹೆಣೆದ ‘ರೂಪದರ್ಶಿ’ ಹುಟ್ಟಿದವೇ ಹೊರತು ಗರಡಿಯ ಮಣ್ಣು ಮೆತ್ತಿದ ಕಥೆಯೊಂದು ಹುಟ್ಟಲಿಲ್ಲ. ಎರಡೂ ವಿದ್ಯೆಗಳು ಒಬ್ಬರಲ್ಲೇ ಕೂಡಿದ್ದಾಗಲೂ ಅವು ಪರಸ್ಪರ ಮಾತಾಡಲಿಲ್ಲ.

ಹಾಗೆಂದು ನಮಗೂ ಒಂದು ದಾಖಲೆ ಗ್ರಂಥವಿರಬೇಕಿತ್ತೆಂದು ನಿರ್ವಿಕಲ್ಪವಾಗಿ ಹೇಳಲು ನನಗೆ ನಾಲಗೆ ಏಳದು. ಅಚ್ಚಾದ ಸೋಲು ಸೋತವನ ಬೆನ್ನು ಬಿಡುವುದಿಲ್ಲ. ಫ್ಲೈಷರನ ಪುಸ್ತಕದಲ್ಲಿ ಏಳು ಸೋಲಿನವನು ಸತ್ತ ಮೇಲೂ ಏಳು ಸೋಲಿನವನೇ. ನಮ್ಮ ಕರಪತ್ರದಲ್ಲಾದರೋ, ಬನಹಟ್ಟಿಯಲ್ಲಿ ಬೆನ್ನಿಗೆ ಮಣ್ಣು ಹತ್ತಿಸಿಕೊಂಡವನು ಮುಂದಿನ ಜಾತ್ರೆಗೆ ಮಹಾಲಿಂಗಪುರದಲ್ಲಿ ಅದೇ ದಪ್ಪಕ್ಷರದಲ್ಲಿ, ಅದೇ ವಸ್ತಾದರ ಹೆಸರಿನೊಡನೆ ಹೊಸಬನಾಗಿ ಇಳಿಯುತ್ತಾನೆ. ಲೆಕ್ಕವೇನೂ ಇಲ್ಲದಿಲ್ಲ, ಅದು ಜೋಡಿ ಹಚ್ಚುವ ಹಿರಿಯರ ತಲೆಯಲ್ಲಿರುತ್ತದೆ. ಯಾರಿಗೆ ಯಾರು ಸಮ, ಯಾವನ ಎಡಮೊಣಕಾಲು ಎಂದು ಉಳುಕಿತ್ತು, ಯಾವನು ತಾಸಿನ ಮೇಲೆ ದಮ್ಮು ಹಿಡಿಯಲಾರ, ಇವೆಲ್ಲವೂ ಅವರಿಗೆ ಕರತಲಾಮಲಕ. ಆದರೆ ಅಂಥ ಒಬ್ಬೊಬ್ಬ ಹಿರಿಯನನ್ನು ಮಣ್ಣು ಮಾಡಿ ಬಂದಾಗಲೂ ನಾವು ಒಂದೊಂದು ಗ್ರಂಥಾಲಯಕ್ಕೆ ಬೀಗ ಹಾಕಿ ಬಂದಿದ್ದೇವೆ; ಸೋತವನಿಗೆ ಮರೆವು ದಯೆಯಾದರೆ, ಗೆದ್ದವನಿಗೂ ಅದೇ ಮರೆವು ಪಾಲಾಯಿತೆಂಬುದನ್ನು ಹೇಗೆ ಅಲ್ಲಗಳೆಯಲಿ?

ಕಳೆದ ದೀಪಾವಳಿಗೆ ಮನೆ ಸುಣ್ಣ ಬಳಿಯುವಾಗ ಹಳೆಯ ಟ್ರಂಕಿನ ತಳದಲ್ಲಿ ಹಾಸಿದ್ದ ಒಂದು ಕರಪತ್ರ ಸಿಕ್ಕಿತು. ಗುಲಾಬಿ ಬಣ್ಣ ಹಾರಿ ಚಹದ ಬಣ್ಣಕ್ಕೆ ತಿರುಗಿದೆ. ಇಸವಿಯಿದ್ದ ಮೂಲೆಯನ್ನು ಜಿರಲೆ ತಿಂದಿದೆ. ಯಾರೋ, ಬಹುಶಃ ಕಣದ ಅಂಚಿನಲ್ಲಿ ಕೂತು, ಸೀಸದ ಕಡ್ಡಿಯಿಂದ ಮೊದಲ ಜೋಡಿಯ ಎಡಗಡೆಯ ಹೆಸರಿಗೆ ಗೀಟೆಳೆದು ‘ಚಿತ್’ ಎಂದು ಬರೆದಿದ್ದಾರೆ. ಎರಡನೆಯದರ ಎದುರಿಗೆ ‘ಬರಾಬರಿ’. ಮೂರನೆಯದರ ಎದುರಿಗೆ ‘ಚಿತ್, 11 ಮಿನಿಟ’. ನಾಲ್ಕನೆಯದು ಆ ದಿನದ ದೊಡ್ಡ ಕುಸ್ತಿ, ಎಲ್ಲಕ್ಕಿಂತ ಹೆಚ್ಚಿನ ಇನಾಮಿನದು. ಅದರ ಎದುರಿಗೆ ಕಡ್ಡಿಯ ಮೊನೆ ಒತ್ತಿ ಮುರಿದ ಒಂದು ಕಪ್ಪು ಚುಕ್ಕೆ ಮಾತ್ರ ಇದೆ.