ಮುಟ್ಟದೇ ನೋಡುವ ಡಿಸ್ಕು

ಊರಿಗೆ ಹೊರಟೆ ಅಂದರೆ ನನ್ನ ಬ್ಯಾಗಿನಲ್ಲಿ ಬಟ್ಟೆಗಿಂತ ಮೊದಲು ಹೋಗಿ ಕೂರೋದು ಒಂದು ಸಿ.ಡಿ. ಪೌಚು. ಬೆಂಗಳೂರಿನಲ್ಲಿ ನಾನು ಸರ್ವರ್ ಕಾಯುವವನು, ಯಲಬುರ್ಗಾದಲ್ಲಿ ಮಾತ್ರ 'ಕಂಪ್ಯೂಟರ್ ಹುಡುಗ'. ಬಸ್ಸಿಳಿಯೋದರೊಳಗೆ ಕುಷ್ಟಗಿಯ ಯಾರದೋ ಲ್ಯಾಪ್‌ಟಾಪು, ಕೊಪ್ಪಳದ ಯಾವುದೋ ಝೆರಾಕ್ಸ್ ಅಂಗಡಿಯ ಸಿಸ್ಟಮ್ಮು 'ಸತ್ತೈತಿ' ಅನ್ನೋ ಸುದ್ದಿ ಬಂದಿರುತ್ತೆ. ಇಂಥ ಹೊತ್ತಿಗೆ ಲೈವ್ ಡಿಸ್ಕಿನಂಥ ಗೆಳೆಯ ಇನ್ನೊಬ್ಬನಿಲ್ಲ ಅಂತ ನಮ್ಮ ಕೆಲಸದವರೆಲ್ಲ ಹೇಳ್ತೀವಿ. ನಾನೂ ಹೇಳಿದ್ದೇನೆ. ಇವತ್ತು ಆ ಹೊಗಳಿಕೆಯಲ್ಲಿ ಒಂದಿಷ್ಟು ಕಡಿತ ಮಾಡಬೇಕಿದೆ.

ಗೊತ್ತಿಲ್ಲದವರಿಗೆ ಎರಡು ಮಾತು. ಕಂಪ್ಯೂಟರಿನ ಹಾರ್ಡ್‌ಡಿಸ್ಕಿನ ಹಂಗಿಲ್ಲದೆ, ಇಡೀ ಆಪರೇಟಿಂಗ್ ಸಿಸ್ಟಮ್ಮು ಸಿ.ಡಿ.ಯಿಂದಲೇ ಎದ್ದು ರ‍್ಯಾಮಿನಲ್ಲಿ ಓಡಿದರೆ ಅದು ಲೈವ್ ಡಿಸ್ಕು. 2000ದಲ್ಲಿ ಜರ್ಮನಿಯ ಕ್ಲೌಸ್ ಕ್ನಾಪರ್ ತಂದ ಕ್ನಾಪಿಕ್ಸ್ ಇದನ್ನು ಜನಪ್ರಿಯ ಮಾಡಿತು. 700 ಎಂ.ಬಿ. ಸಿ.ಡಿ.ಯಲ್ಲಿ ಸುಮಾರು 2 ಜಿ.ಬಿ.ಯಷ್ಟು ತಂತ್ರಾಂಶವನ್ನು ಅದುಮಿ ತುಂಬಿ, ಬೇಕಾದಾಗ ಬೇಕಾದಷ್ಟನ್ನೇ ಬಿಚ್ಚಿ ಓದುವ ಯುಕ್ತಿ ಅದರದು. ಉಬುಂಟು ಸಿ.ಡಿ.ಗಳಂತೂ 2011ರವರೆಗೆ ಅಂಚೆಯಲ್ಲಿ ಪುಕ್ಕಟೆಯಾಗಿ ಬರುತ್ತಿದ್ದವು. 700 ಎಂ.ಬಿ. ಇಳಿಸೋದು ಅಂದರೆ ಕನಸಾಗಿದ್ದ ನಮ್ಮಂಥ ಊರಿಗೆ ಲಿನಕ್ಸ್ ಬಂದದ್ದು ಪೋಸ್ಟ್‌ಮ್ಯಾನ್ ಚೀಲದಲ್ಲಿ.

ಈಗ ನನ್ನ ತಪ್ಪಿಗೆ ಬರ್ತೀನಿ. ಸುಮಾರು ಹನ್ನೆರಡು ವರ್ಷದ ಹಿಂದಿನ ಮಾತು. ಗಂಗಾವತಿಯಲ್ಲಿ ನಮ್ಮ ಸೋದರಮಾವನದು ದಲಾಲಿ ಅಂಗಡಿ. ಭತ್ತದ ಸುಗ್ಗಿ ಶುರುವಾಗಿತ್ತು. ಬೀಜ, ಗೊಬ್ಬರಕ್ಕೆ ಉದ್ರಿ ತಗೊಂಡ ರೈತರ ಲೆಕ್ಕ ಚುಕ್ತಾ ಆಗೋ ಹೊತ್ತು. ಸರಿಯಾಗಿ ಆಗಲೇ ಅಂಗಡಿಯ ಕಂಪ್ಯೂಟರು ಏಳಲಿಲ್ಲ. ಒಳಗಿನಿಂದ ಟಿಕ್ ಟಿಕ್ ಸದ್ದು.

"ಬರೇ ಲೆಕ್ಕದ ಫೋಲ್ಡರ್ ತಗದು ಕೊಡಪಾ ಅಳಿಯಾ, ಉಳಿದಿದ್ದು ಹೋದ್ರ ಹೋಗ್ಲಿ" ಅಂದರು ಮಾವ.

ನನ್ನ ಹತ್ತಿರ ನಾನೇ ಹತ್ತಾರು ಕಡೆಯಿಂದ ಕೂಡಿಸಿ ಬರ್ನ್ ಮಾಡಿದ ಡಿಸ್ಕಿತ್ತು. ಅದರಲ್ಲಿ ಏನಿಲ್ಲ ಕೇಳಿ! ಮೆನುವಿನಲ್ಲಿ ಅರವತ್ತಕ್ಕೂ ಹೆಚ್ಚು ಸಲಕರಣೆ. ಬೂಟ್ ಮಾಡಿದೆ, ಫೋಲ್ಡರು ಕಾಣಿಸಿತು, ತೆರೆಯಲಿಲ್ಲ. 'ರಿಪೇರಿ' ಅನ್ನೋದು ಕಣ್ಣೆದುರಿಗೇ ಇತ್ತು. ಒತ್ತಿದೆ. ಸಾಯುತ್ತಿದ್ದ ಡಿಸ್ಕಿನ ಮೇಲೆ ಅರ್ಧ ಗಂಟೆ ಬರೆಸಿದೆ. ಅದು ಮುಗಿಯೋದರೊಳಗೆ ಫೋಲ್ಡರು ಕಾಣಿಸೋದೂ ನಿಂತಿತು.

ಆಮೇಲೆ ಫೋಟೋರೆಕ್ ಹಾಕಿದೆ. ಸಾವಿರಾರು ಫೈಲು ಬಂದವು, ಒಂದಕ್ಕೂ ಹೆಸರಿಲ್ಲ, ಬರೀ ನಂಬರು. ಹಳೇ ನುಡಿ ಫಾಂಟಿನಲ್ಲಿ ಟೈಪಿಸಿದ ಪತ್ರಗಳು ಲಿನಕ್ಸಿನಲ್ಲಿ ತೆರೆದಾಗ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಚಿತ್ರಾನ್ನ. ಬಿಟ್ಟು ಬೈಟು ಉಳಿದಿದ್ದವು, ಓದೋಕೆ ಬರುತ್ತಿರಲಿಲ್ಲ. ಲೆಕ್ಕದ ಫೋಲ್ಡರು ಮಾತ್ರ ಬರಲೇ ಇಲ್ಲ.

ಕಾಪಾಡಿದ್ದು ಅಂಗಡಿಯ ದಿವಾನಜಿ. ಕಂಪ್ಯೂಟರ್ ಬಂದಮೇಲೂ ಅವರು ಕೈಬರಹದ ಕಿರ್ದಿ ಬಿಟ್ಟಿರಲಿಲ್ಲ. ನಾಲ್ಕು ದಿನ ಅವರು ಓದಿದರು, ನಾನು ಟೈಪಿಸಿದೆ. ಕಿರ್ದಿಯಲ್ಲಿ ರೊಕ್ಕದ ಲೆಕ್ಕವಿತ್ತು, ಕೆಲವರ ಚೀಲದ ಲೆಕ್ಕ ಕಂಪ್ಯೂಟರಿನಲ್ಲಷ್ಟೇ ಇತ್ತು. ಅಲ್ಲಿ ರೈತರು ಹೇಳಿದ್ದೇ ಲೆಕ್ಕ ಆಯಿತು. ಯಾರೂ ಸುಳ್ಳು ಹೇಳಲಿಲ್ಲ ಅಂತ ಮಾವ ಇವತ್ತಿಗೂ ನಂಬಿದ್ದಾರೆ. ಅವರು ನಂಬಬೇಕಾಗಿ ಬಂದದ್ದು ನನ್ನಿಂದ.

ಅಲ್ಲಿಂದೀಚೆಗೆ ನಾನು ಲೈವ್ ಡಿಸ್ಕುಗಳನ್ನು ಅಳೆಯುವ ಮಾಪು ಬದಲಾಯಿತು. ಎಷ್ಟು ಸಲಕರಣೆ ಇವೆ ಅಂತ ನೋಡಲ್ಲ. ಬೂಟ್ ಆದ ಮೊದಲ ಐದು ನಿಮಿಷದಲ್ಲಿ ಅದು ನನ್ನ ಕೈಯಲ್ಲಿ ಏನು ಮಾಡಿಸುತ್ತೆ ಅಂತ ನೋಡ್ತೀನಿ.

ಹಳೇ ಕ್ನಾಪಿಕ್ಸ್ ಈ ವಿಷಯದಲ್ಲಿ ದೊಡ್ಡ ಮನುಷ್ಯ. ಹಾರ್ಡ್‌ಡಿಸ್ಕಿನ ಐಕಾನ್ ಒತ್ತಿದರೆ ಓದೋಕಷ್ಟೇ ತೆರೆಯುತ್ತಿತ್ತು. ಬರೆಯಬೇಕಾದರೆ ನೀವೇ ಬೇರೆ ಅಪ್ಪಣೆ ಕೊಡಬೇಕು. 2003ರಿಂದ ಇರುವ ಸಿಸ್ಟಮ್‌ರೆಸ್ಕ್ಯೂ ಇನ್ನೂ ಬಿಗಿ. ಕಪ್ಪು ಪರದೆಯ ಶೆಲ್ಲಿಗೆ ಬಂದು ಸುಮ್ಮನೆ ನಿಲ್ಲುತ್ತೆ. ಹೊಸಬರಿಗೆ ಇದು ಸೊಕ್ಕು ಅನ್ನಿಸಬಹುದು, ನನಗೆ ಸಂಯಮ ಅನ್ನಿಸುತ್ತೆ. ವಿಂಡೋಸ್ ಪಿಇ ಆಧಾರದ ಡಿಸ್ಕುಗಳು ಬಲು ಸಲೀಸು, ನಮ್ಮೂರ ರಿಪೇರಿ ಅಂಗಡಿಗಳಿಗೆ ಅವೇ ಪ್ರಿಯ. ಆದರೆ ಅವು ಸಾಮಾನ್ಯವಾಗಿ ಸಿಕ್ಕ ಡ್ರೈವನ್ನೆಲ್ಲ ತಾವೇ ತೆರೆದು ಕೂರುತ್ತವೆ, ಬರೆಯುವ ಬಾಗಿಲೂ ತೆರೆದೇ ಇರುತ್ತೆ. ಮೂರೂ ಬಗೆಯಲ್ಲಿ ನನ್ನ ದೂರು ಒಂದೇ: ನಕಲು ಮಾಡುವ ಸಲಕರಣೆಯೂ ರಿಪೇರಿ ಮಾಡುವ ಸಲಕರಣೆಯೂ ಒಂದೇ ಸಾಲಿನಲ್ಲಿ, ಒಂದೇ ಗಾತ್ರದಲ್ಲಿ ಕೂತಿರುತ್ತವೆ. ಯಾವುದು ಮೊದಲು ಅಂತ ಯಾರೂ ಹೇಳಲ್ಲ.

'ಓದೋಕಷ್ಟೇ' ಅನ್ನೋದನ್ನೂ ಪೂರ್ತಿ ನಂಬಬೇಡಿ. ಎಕ್ಸ್‌ಟ್4 ಡಿಸ್ಕನ್ನು ರೀಡ್-ಓನ್ಲಿ ಅಂತ ಮೌಂಟ್ ಮಾಡಿದರೂ, ಅದು ಸರಿಯಾಗಿ ಮುಚ್ಚಿಲ್ಲದಿದ್ದರೆ, ಜರ್ನಲ್ಲಿನಲ್ಲಿ ಬಾಕಿ ಇರೋದನ್ನು ಡಿಸ್ಕಿಗೆ ಬರೆದೇ ಬಿಡುತ್ತೆ. 'ನೋಲೋಡ್' ಅಂತ ಬೇರೆಯಾಗಿ ಹೇಳಬೇಕು. ಎಷ್ಟು ಜನಕ್ಕೆ ಗೊತ್ತು?

ಇನ್ನೊಂದು ದೂರು ನಮ್ಮ ಭಾಗದ್ದು. ಕೆಟ್ಟ ಡಿಸ್ಕಿನ ನಕಲಿಗೆ ಡಿಡಿರೆಸ್ಕ್ಯೂ ಒಳ್ಳೇದು. ಚೆನ್ನಾಗಿರುವ ಜಾಗವನ್ನು ಮೊದಲು ಎತ್ತಿಕೊಂಡು, ಹಾಳಾದದ್ದನ್ನು ಆಮೇಲೆ ಕೆದಕುತ್ತೆ. ಎಲ್ಲಿವರೆಗೆ ಬಂದೆ ಅನ್ನೋದನ್ನು ಒಂದು ಮ್ಯಾಪ್ ಫೈಲಿನಲ್ಲಿ ಬರೆದಿಡುತ್ತೆ, ನಡುವೆ ನಿಂತರೆ ಅಲ್ಲಿಂದಲೇ ಮುಂದುವರಿಯಬಹುದು. ಆದರೆ ಲೈವ್ ಡಿಸ್ಕಿನಲ್ಲಿ ಆ ಫೈಲನ್ನು ಹೋಮ್ ಫೋಲ್ಡರಿನಲ್ಲಿಟ್ಟರೆ ಅದಿರೋದು ರ‍್ಯಾಮಿನಲ್ಲಿ. ಕರೆಂಟ್ ಹೋಯಿತೋ, ಆರು ಗಂಟೆಯ ಲೆಕ್ಕ ಗೋವಿಂದ. ಮ್ಯಾಪ್ ಫೈಲು ಹೊರಗಿನ ಡಿಸ್ಕಿನಲ್ಲೇ ಇರಬೇಕು. ಕುಷ್ಟಗಿಯಲ್ಲಿ ಕೂತವನಿಗೆ ಇದು ಅಡಿಟಿಪ್ಪಣಿ ಅಲ್ಲ, ಮೊದಲ ಪಾಠ.

ಈಗ ಸಿ.ಡಿ. ಡ್ರೈವೇ ಇಲ್ಲದ ಕಾಲ. 2020ರಲ್ಲಿ ಬಂದ ವೆಂಟಾಯ್ ಹಾಕಿದರೆ ಒಂದೇ ಪೆನ್‌ಡ್ರೈವಿನಲ್ಲಿ ಹತ್ತು ಐಎಸ್‌ಒ ಇಟ್ಟು ತಿರುಗಬಹುದು. ಅನುಕೂಲ ನಿಜ. ಆದರೆ ಒಮ್ಮೆ ಬರ್ನ್ ಮಾಡಿ ಮುಚ್ಚಿದ ಸಿ.ಡಿ.ಗೆ ಯಾವ ವೈರಸ್ಸೂ ಹತ್ತುತ್ತಿರಲಿಲ್ಲ, ಪೆನ್‌ಡ್ರೈವಿಗೆ ಆ ಮಡಿ ಇಲ್ಲ. ಮೇಲಾಗಿ ಹೊಸ ಲ್ಯಾಪ್‌ಟಾಪುಗಳಲ್ಲಿ ಬಿಟ್‌ಲಾಕರ್ ಇದ್ದರೆ, ರಿಕವರಿ ಕೀ ಇಲ್ಲದೆ ಯಾವ ಲೈವ್ ಡಿಸ್ಕಿಗೂ ಒಳಗಿನದು ಓದೋಕಾಗಲ್ಲ. ಮನೆಯವರ ಲ್ಯಾಪ್‌ಟಾಪಿನ ಆ ಕೀ ಎಲ್ಲಿದೆ ಅಂತ ಇವತ್ತೇ ನೋಡಿಡಿ.

ಕಿರ್ದಿ ಓದುತ್ತಾ ದಿವಾನಜಿ ಒಂದು ಕಡೆ ನಿಂತರು. ತಪ್ಪು ಬರೆದಿದ್ದ ಸಾಲು ಹಾಗೇ ಇತ್ತು, ಕೆಳಗೆ ಸರಿಪಡಿಸಿದ ಇನ್ನೊಂದು ಸಾಲು. "ಯಾಕ್ರಿ, ಅಳಿಸಬಾರದಾ?" ಅಂದೆ. "ಅಳಿಸಿದ್ರ ಯಾವುದು ತಪ್ಪು, ಯಾವುದು ಖರೇ ಅಂತ ನಾಳೆ ಹೆಂಗ್ ಗೊತ್ತಾಗ್ತದ ತಮ್ಮಾ" ಅಂದರು. ನನ್ನ ಅರವತ್ತು ಸಲಕರಣೆಯ ಡಿಸ್ಕಿಗೆ ಇಷ್ಟು ಬುದ್ಧಿ ಇರಲಿಲ್ಲ.

ಪೌಚಿನ ಜೊತೆಗೆ ಈಗ ಒಂದು ಖಾಲಿ 1 ಟಿ.ಬಿ. ಹಾರ್ಡ್‌ಡಿಸ್ಕೂ ಬ್ಯಾಗಿನಲ್ಲಿರುತ್ತೆ. ಅದನ್ನು ಮರೆತು ಹೋದ ದಿನ ಮಷೀನು ಆಫ್ ಮಾಡಿ ಬರ್ತೀನಿ. "ಏನೂ ಮಾಡ್ಲಿಲ್ಲೇನು?" ಅಂತ ಕೇಳ್ತಾರೆ. ಮಾಡ್ಲಿಲ್ರಿ, ಅದಕ್ಕ ಇನ್ನೂ ಉಳದೈತಿ ಅಂತೀನಿ.